ಕೆಮ್ಮುವ ಕಾರಿಗೆ ಬಂದ ಗಿರಾಕಿ

ಆ ಶನಿವಾರದ ರಂಪಕ್ಕೆಲ್ಲ ಕಾರಣ ಹೆಬ್ಬೆರಳಿನಷ್ಟು ಉದ್ದದ ಒಂದು ಪ್ಲಗ್ಗು. ಅದನ್ನು ಕಿತ್ತವನು ಬೇರೆ ಯಾರೂ ಅಲ್ಲ, ಕಾರಿನ ಯಜಮಾನ ವರ್ನನ್ ಕುಬಿಯಾಕನೇ.

ಕಾರು ಕೆಂಪು ಬಣ್ಣದ್ದು, ಎರಡೇ ಬಾಗಿಲಿನದು, ಹೊಟ್ಟೆ ನೆಲಕ್ಕೆ ತಾಗುವಷ್ಟು ಕುಳ್ಳು. ವರ್ನನ್ನನ ತಲೆಯಲ್ಲಿ ಕೂದಲಿದ್ದ ಕಾಲದಲ್ಲಿ ಕೊಂಡದ್ದು. ಅಮೆರಿಕದ ಟೊಲೀಡೊ ಊರಿನ ಚಳಿಗಾಲದಲ್ಲಿ ಅದು ಗ್ಯಾರೇಜಿನೊಳಗೆ ಬೆಚ್ಚನೆಯ ಹೊದಿಕೆ ಹೊದ್ದು ಮಲಗಿರುತ್ತಿತ್ತು. ಹೆಂಡತಿ ಲೋಯಿಸಳ ಕಾರು ಹೊರಗೆ ಹಿಮದಲ್ಲಿ ನಿಂತಿರುತ್ತಿತ್ತು. ಬೆಳಿಗ್ಗೆ ಎದ್ದು ತನ್ನ ಕಾರಿನ ಗಾಜಿನಿಂದ ಮಂಜುಗಡ್ಡೆ ಕೆರೆಯುವಾಗ ಲೋಯಿಸ್ ಆ ಗ್ಯಾರೇಜಿನ ಕಡೆ ಸವತಿಯ ಮನೆಯನ್ನು ನೋಡಿದ ಹಾಗೆ ನೋಡುತ್ತಿದ್ದಳು.

ಕೊನೆಗೊಂದು ದಿನ, ಟೀವಿಯಲ್ಲಿ ಫುಟ್‌ಬಾಲ್ ಆಟ ಕೊನೆಯ ಘಟ್ಟಕ್ಕೆ ಬಂದದ್ದನ್ನು ನೋಡಿಕೊಂಡು, "ಆ ಕೆಂಪು ಕಾರು ಮಾರಿಬಿಡೋಣ್ವಾ?" ಎಂದು ಕೇಳಿದಳು. ವರ್ನನ್ ಚೆಂಡಿನಿಂದ ಕಣ್ಣು ಕೀಳದೆ "ಹೂಂ, ಹೂಂ" ಎಂದ. ಆಟ ಮುಗಿಯುವುದರೊಳಗೆ ಕಾರು ಮಾರಾಟಕ್ಕಿದೆ ಎಂಬ ಜಾಹೀರಾತು ಹೋಗಿಯಾಗಿತ್ತು. ಈಗ ಯಾರೋ ಒಬ್ಬ ಗಿರಾಕಿ ಶನಿವಾರ ಮಧ್ಯಾಹ್ನ ಮೂರಕ್ಕೆ ಬರುವವನಿದ್ದ.

ಕೊಟ್ಟ ಮಾತಿಗೆ ತಪ್ಪುವ ಧೈರ್ಯ ವರ್ನನ್ನನಿಗೆ ಇರಲಿಲ್ಲ. ಆದರೆ ಗಿರಾಕಿಯೇ ಬೇಡವೆಂದು ಎದ್ದು ಹೋದರೆ ಅದು ಅವನ ತಪ್ಪೇ?

ಇಂಜಿನ್ನು ಎಷ್ಟು ಗಾಳಿ ಎಳೆದುಕೊಳ್ಳುತ್ತಿದೆ ಎಂದು ಅಳೆಯುವ ಒಂದು ಸೆನ್ಸರ್ ಆ ಕಾರಿನಲ್ಲಿತ್ತು. ಅದು ಹೇಳಿದ ಲೆಕ್ಕಕ್ಕೆ ತಕ್ಕಷ್ಟು ಪೆಟ್ರೋಲು. ಅದರ ತಂತಿಯ ಪ್ಲಗ್ಗು ಕಿತ್ತರೆ ಇಂಜಿನ್ನು ಕಣ್ಣು ಕಟ್ಟಿಕೊಂಡು ಉಪ್ಪು ಹಾಕುವ ಅಡುಗೆಯವನಂತಾಗುತ್ತದೆ. ಬೆಳಿಗ್ಗೆ ಕಾಫಿಗೂ ಮೊದಲು ವರ್ನನ್ ಗ್ಯಾರೇಜಿಗೆ ಹೋಗಿ, ಪ್ಲಗ್ಗು ಕಿತ್ತು, ಕಾರು ಚಾಲೂ ಮಾಡಿ ನೋಡಿದ. ಕಾರು ಕೆಮ್ಮಿತು, ಸೀನಿತು, ಆರು ತಿಂಗಳಿಂದ ಹಾಸಿಗೆ ಹಿಡಿದ ಮಾವನ ಹಾಗೆ ನರಳಿ ಆರಿತು. "ಭೇಷ್" ಎಂದು ಅದರ ಬೆನ್ನು ತಟ್ಟಿ ಕಾಫಿಗೆ ಹೋದ.

ಬೇಲಿಯಾಚೆ ಪಕ್ಕದ ಮನೆಯ ಡ್ವೈಟ್ ಎಲೆ ಗುಡಿಸುತ್ತಿದ್ದ. ಕಾರಿನ ಆಕ್ಸಲ್ ಮಾಡುವ ಕಾರ್ಖಾನೆಯಿಂದ ನಿವೃತ್ತನಾದವನು. ಕಾಯಿಲೆ ಬಿದ್ದ ಇಂಜಿನ್ನಿನ ಸದ್ದು ಕಿವಿಗೆ ಬಿದ್ದರೆ, ಸಾವಿನ ಮನೆಗೆ ಹೊರಟ ಪಾದ್ರಿಯಂತೆ, ಕರೆಯದಿದ್ದರೂ ಬರುವವನು. ವರ್ನನ್ ಕಾಫಿ ಕುಡಿದು ಬರುವಷ್ಟರಲ್ಲಿ ಕಾರು ತುಪ್ಪ ಕುಡಿದ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಪಕ್ಕದಲ್ಲಿ ಡ್ವೈಟ್ ಕೈ ಒರೆಸಿಕೊಳ್ಳುತ್ತಿದ್ದ.

"ಏನಿಲ್ಲ ಮಾರಾಯ, ಗಾಳಿ ಸೆನ್ಸರಿನ ಪ್ಲಗ್ಗು ಕಳಚಿಕೊಂಡಿತ್ತು. ಸಿಗಿಸಿದೆ. ಇವತ್ತು ಗಿರಾಕಿ ಬರ್ತಾನಂತಲ್ಲ, ನಿನ್ ಮರ್ಯಾದೆ ಉಳೀತು!"

"ಉಳೀತು, ಉಳೀತು," ಎಂದ ವರ್ನನ್, ಹಲ್ಲು ಕೀಳಿಸಿಕೊಂಡವನ ಮುಖ ಮಾಡಿಕೊಂಡು.

ಪ್ಲಗ್ಗು ಕಣ್ಣಿಗೆ ಬೀಳುವಂಥದ್ದು, ಯಾರು ಬೇಕಾದರೂ ಸಿಗಿಸಿಬಿಡುತ್ತಾರೆ. ಸೆನ್ಸರೇ ಸತ್ತಿದ್ದರೆ? ಹಳೆಯ ಕಾರು ಸಾಕುವವರು ಸತ್ತ ಭಾಗಗಳನ್ನು ಎಸೆಯುವ ಜಾತಿಯವರಲ್ಲ. ವರ್ನನ್ ಅಟ್ಟದ ರಟ್ಟಿನ ಪೆಟ್ಟಿಗೆಯಿಂದ ಎಂದೋ ಪ್ರಾಣ ಬಿಟ್ಟಿದ್ದ ಸೆನ್ಸರನ್ನು ಹುಡುಕಿ ತೆಗೆದ. ಒಳ್ಳೆಯದನ್ನು ಬಿಚ್ಚಿ, ಸತ್ತದ್ದನ್ನು ಕೂರಿಸಿದ. ಕಾರು ಮತ್ತೆ ನರಳಿತು. ಅಷ್ಟರಲ್ಲಿ ಎದುರು ಮನೆಯ ಜೆರಾಲ್ಡೀನ್, ಆಗತಾನೆ ಬೇಯಿಸಿದ ಕುಂಬಳಕಾಯಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಅವರ ಗಂಡ ರೇ ಬದುಕಿದ್ದಾಗ ಅವರ ಮನೆಯಲ್ಲೂ ಇಂಥದ್ದೇ ಕಾರಿತ್ತು.

"ಅಯ್ಯೋ, ಏನಪ್ಪಾ ಇದು, ಹಿಂಗ್ ಕೆಮ್ತಿದೆ?"

ವರ್ನನ್ ಮುಖ ಸಪ್ಪಗೆ ಮಾಡಿದ. "ಸೆನ್ಸರ್ ಹೋಯ್ತು ಜೆರಾಲ್ಡೀನ್. ಹೊಸದು ಎಲ್ಲೂ ಸಿಗಲ್ಲ. ನಂದು ದುರದೃಷ್ಟ ಅಷ್ಟೆ."

"ಒಂದ್ನಿಮಿಷ ಇರು," ಎಂದು ಬ್ರೆಡ್ಡನ್ನು ಅವನ ಕೈಗಿಟ್ಟು ಹೋದವರು, ಒಂದು ಡಬ್ಬ ಹಿಡಿದು ಬಂದರು. ಒಳಗೆ ಪ್ಯಾಕೆಟ್ಟೂ ಒಡೆಯದ ಹೊಸ ಸೆನ್ಸರ್. "ರೇ ತಂದಿಟ್ಟಿದ್ದು. ಹಾಕೋ ಮೊದ್ಲೇ ಅವರೇ ಹೋದ್ರು. ಕಾರು ಮಾರ್ದಾಗ ಇದನ್ನ ಕೊಡೋಕೆ ಮನಸ್ಸು ಬರ್ಲಿಲ್ಲ. ಹಾಕು."

"ಬೇಡಿ, ಅದು ರೇ ಅವರ ನೆನಪು..."

"ನೆನಪಿಗೆ ಅವರ ಫೋಟೋ ಇದೆ. ಪಾಪ, ಇದು ಕಪಾಟಲ್ಲಿ ಕೂತು ಕೂತು ಬೇಜಾರಾಗಿರತ್ತೆ. ಹಾಕಪ್ಪ, ನಾನೂ ಒಂದ್ಸಲ ಆ ಸದ್ದು ಕೇಳ್ತೀನಿ."

ವಿಧವೆಯೊಬ್ಬರ ಮುಂದೆ ಏನೆಂದು ವಾದಿಸುವುದು? ವರ್ನನ್ ತನ್ನ ಕೈಯಾರೆ ಸೆನ್ಸರ್ ಕೂರಿಸಿದ. ಕಾರು ಹಾಡಿತು. ಜೆರಾಲ್ಡೀನ್ ಕಣ್ಣು ಮುಚ್ಚಿ ಕೇಳಿ, ಕೈವಸ್ತ್ರದಿಂದ ಮೂಗು ಒರೆಸಿಕೊಂಡರು. ವರ್ನನ್ನನ ಕಣ್ಣಲ್ಲೂ ನೀರು ಬಂತು. ಕಾರಣ ಬೇರೆ.

ಅವರು ಹೋದ ಮೇಲೆ ರೇ ಅವರ ಸೆನ್ಸರನ್ನು ಬಿಚ್ಚಲು ವರ್ನನ್ನನಿಗೆ ಮನಸ್ಸಾಗಲಿಲ್ಲ. ಉಳಿದದ್ದು ಪ್ಲಗ್ಗು ಕೀಳುವ ಹಳೆಯ ಉಪಾಯವೇ. ಕಿತ್ತು, ಯಾರ ಕಣ್ಣಿಗೂ ಬೀಳದಂತೆ ರಬ್ಬರ್ ಕೊಳವೆಯ ಹಿಂದೆ ತೂರಿಸಿ ತಿರುಗಿದರೆ ಬೆನ್ನ ಹಿಂದೆ ಡ್ವೈಟ್! ಕೈಯಲ್ಲಿ ಸ್ಪ್ರೇ ಡಬ್ಬಿ.

"ನಂಗ್ಯಾಕೋ ಸಮಾಧಾನ ಆಗ್ಲಿಲ್ಲ ಕಣೋ. ಬೆಳಿಗ್ಗೆ ಕಳಚಿತ್ತು ಅಂದ್ರೆ ಒಳಗೆ ಕಿಲುಬು ಹಿಡಿದಿರತ್ತೆ... ಅಲ್ನೋಡು, ಮತ್ತೆ ಕಳಚ್ಕೊಂಡು ಎಲ್ಲಿಗ್ ಹೋಗಿದೆ! ನಾ ಹೇಳ್ಲಿಲ್ವಾ?"

ಪ್ಲಗ್ಗಿಗೆ ಸ್ಪ್ರೇ ಹೊಡೆದು, ಸಿಗಿಸಿ, ಕಿತ್ತು, ಮತ್ತೆ ಸಿಗಿಸಿ, ಮತ್ತೆ ಕಿತ್ತು ಡ್ವೈಟ್ ಸೇವೆ ಮಾಡಿದ. ಮೂರಾಗುತ್ತ ಬಂತು. ವರ್ನನ್ನನಿಗೆ ಒಂದೇ ಒಂದು ದಾರಿ ಹೊಳೆಯಿತು.

"ಡ್ವೈಟ್, ಒಳಗೆ ಜೆರಾಲ್ಡೀನ್ ಕೊಟ್ಟ ಬ್ರೆಡ್ ಇದೆ. ಲೋಯಿಸ್ ಬೆಣ್ಣೆ ಹಚ್ಚಿ ಇಡ್ತಿದಾಳೆ."

ಡ್ವೈಟ್ ಡಬ್ಬಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದ. ವರ್ನನ್ ಪ್ಲಗ್ಗನ್ನು ರಪ್ಪನೆ ಕಿತ್ತು ಬಾನೆಟ್ ಮುಚ್ಚುವುದಕ್ಕೂ, ಹಿಂದೆ ಟ್ರೇಲರ್ ಕಟ್ಟಿಕೊಂಡ ಲಾರಿಯೊಂದು ಮನೆಯ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು.

ಇಳಿದವನು ಉಣ್ಣೆ ಟೋಪಿಯ ಸಣಕಲ ಮನುಷ್ಯ. ಹೆಸರು ಎಮೆಟ್ ಎಂದ. ವರ್ನನ್ ಮುಗುಳುನಗುತ್ತ ಕೀಲಿ ತಿರುಗಿಸಿದ. ಅಂಥ ಕೆಮ್ಮನ್ನು ಆ ಬೀದಿ ಕೇಳಿರಲಿಲ್ಲ. ಕಪ್ಪು ಹೊಗೆ ಬಂತು, ಢಂ ಎಂದಿತು, ಮೇಪಲ್ ಮರದಲ್ಲಿದ್ದ ಅಳಿಲು ಬಾಯಲ್ಲಿದ್ದ ಕಾಯಿಯನ್ನು ಉದುರಿಸಿತು. ಕಾರು ಒಮ್ಮೆ ಮೈ ನಡುಗಿಸಿ ಆರಿತು.

"ಯಾವಾಗ್ಲೂ ಹಿಂಗೇನಾ?" ಎಂದ ಎಮೆಟ್ ಮೆಲ್ಲಗೆ.

"ಇದೇನೂ ಅಲ್ಲ ಬಿಡಿ, ಮಳೆ ಬಂದ್ರೆ ಇನ್ನೂ ಜೋರು."

"ರಿಪೇರಿ ಮಾಡ್ಸಿದ್ರಾ?"

"ಮಾಡಿಸ್ದೋರೆಲ್ಲ ಸೋತ್ರು. ಒಂದು ಸರಿ ಮಾಡಿದ್ರೆ ಇನ್ನೊಂದು ಕೆಡತ್ತೆ. ನಿಮ್ಮ ಆಯಸ್ಸೆಲ್ಲ ಗ್ಯಾರೇಜಲ್ಲೇ ಕಳೀಬೇಕು ಸ್ವಾಮಿ, ನನ್ನ ಮಾತು ಕೇಳಿ, ಬೇಡ."

ಎಮೆಟ್ ತೊಟ್ಟಿಲಿನ ಮಗುವನ್ನು ನೋಡುವವನಂತೆ ಕಾರಿನ ಸುತ್ತ ಒಂದು ಸುತ್ತು ಬಂದ. ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ತಗೊಂಡೆ," ಎಂದ. "ಹೇಳಿದ ಬೆಲೆಗೇ."

"ಏನು?"

"ಇಂಥದ್ದನ್ನೇ ಹುಡುಕ್ತಾ ಇದ್ದೆ ಸ್ವಾಮಿ. ಹೋದ್ವಾರ ಒಂದು ನೋಡ್ದೆ, ರೇಷ್ಮೆ ಹಂಗೆ ಓಡ್ತಿತ್ತು. ದಮ್ಮಯ್ಯ ಬೇಡ ಅಂತ ಬಂದ್ಬಿಟ್ಟೆ. ಓಡೋ ಕಾರು ತಗೊಂಡು ನಾನೇನ್ ಮಾಡ್ಲಿ? ರಿಟೈರಾಗಿ ಮನೇಲಿದೀನಿ. ಕಾರು ಓಡತ್ತೆ ಅಂದ್ರೆ ನನ್ ಹೆಂಡ್ತಿ ಅದ್ರಲ್ಲಿ ಕೂತು, ನಡೀರಿ ಅಕ್ಕನ ಮನೆಗೆ ಅಂತಾಳೆ. ಕೆಟ್ಟಿದ್ರೆ? 'ಗ್ಯಾರೇಜಲ್ಲಿ ಕೆಲ್ಸ ಇದೆ ಕಣೇ' ಅಂದ್ರಾಯ್ತು. ಗಂಡಸಿಗೆ ಅಷ್ಟಾದ್ರೂ ಬೇಡ್ವಾ?"

ಇಷ್ಟು ವರ್ಷ ತಾನು ಲೋಯಿಸಳಿಗೆ ಹೇಳುತ್ತ ಬಂದ ಮಾತನ್ನೇ ವರ್ನನ್ ಬೇರೊಬ್ಬನ ಬಾಯಲ್ಲಿ ಕೇಳುತ್ತಿದ್ದ. ಢಂ ಸದ್ದಿಗೆ ಲೋಯಿಸ್, ಬಾಯಲ್ಲಿ ಬ್ರೆಡ್ ತುಂಬಿಕೊಂಡ ಡ್ವೈಟ್, ಎದುರು ಮನೆಯ ಜೆರಾಲ್ಡೀನ್, ಎಲ್ಲರೂ ಹೊರಗೆ ಬಂದಿದ್ದರು.

"ಇದು ಓಡತ್ತೆ!" ಎಂದು ವರ್ನನ್ ಕೂಗಿದ. "ಬಹಳ ಚೆನ್ನಾಗಿ ಓಡತ್ತೆ! ನಿಮ್ಮ ಹೆಂಡ್ತೀನ ಅವರಕ್ಕನ ಮನೆಗೆ ದಿನಾ ಕರ್ಕೊಂಡು ಹೋಗ್ಬಹುದು! ಪ್ಲಗ್ಗು ನಾನೇ ಕಿತ್ತಿದ್ದು!"

"ನೀನೇ ಕಿತ್ಯಾ?" ಎಂದ ಡ್ವೈಟ್, ನೊಂದುಕೊಂಡು.

"ನೀನೇ ಕಿತ್ಯಾ?" ಎಂದಳು ಲೋಯಿಸ್. ಅವಳು ನೊಂದುಕೊಂಡಿರಲಿಲ್ಲ.

ಎಮೆಟ್ ನಕ್ಕ. "ಮಾರೋರೆಲ್ಲ ಹಂಗೇ ಹೇಳ್ತಾರೆ, ಒಂದು ಪ್ಲಗ್ಗು ಸಿಗಿಸಿದ್ರೆ ಸಾಕು ಅಂತ."

"ನೋಡಿ ಬೇಕಾದ್ರೆ!" ವರ್ನನ್ ಬಾನೆಟ್ ಎತ್ತಿ, ಪ್ಲಗ್ಗನ್ನು ಹಿಡಿದು, ಇದ್ದ ಶಕ್ತಿಯೆಲ್ಲ ಹಾಕಿ ಒತ್ತಿದ. ಇಂಜಿನ್ನಿನ ಕಾವಿನಲ್ಲಿ ಎಷ್ಟೋ ವರ್ಷ ಬೆಂದು ಹಪ್ಪಳವಾಗಿದ್ದ ಪ್ಲಾಸ್ಟಿಕ್ಕು ಅದು. ಬೆಳಗಿನಿಂದ ಎಳೆದೂ ಸಿಗಿಸಿಯೂ ಸೋತಿತ್ತು. ಪಟ್ಟೆಂದು ಪುಡಿಯಾಯಿತು. ಅವನ ಅಂಗೈಯಲ್ಲಿ ಉಳಿದದ್ದು ಕಪ್ಪು ಚೂರುಗಳು ಮತ್ತು ಬಣ್ಣ ಬಣ್ಣದ ಬೋಳು ತಂತಿಗಳು.

ಎಮೆಟ್ ಬಗ್ಗಿ ನೋಡಿದ. ಅವನ ಕಣ್ಣುಗಳು ಮಿನುಗಿದವು. "ಈ ಪ್ಲಗ್ಗು ಈಗ ಎಲ್ಲೂ ತಯಾರಾಗಲ್ಲ. ಇದನ್ನ ಹುಡುಕೋಕೇ ಒಂದು ಚಳಿಗಾಲ ಸಾಲ್ದು!" ಎಂದು ವರ್ನನ್ನನ ಕೈ ಹಿಡಿದು ಕುಲುಕಿದ. "ನೀವು ದೇವರಂಥವರು."

ಟ್ರೇಲರಿನ ಮೇಲೆ ಕಾರನ್ನು ತಳ್ಳಲು ಡ್ವೈಟ್ ಹೆಗಲು ಕೊಟ್ಟ. ಶನಿವಾರ ತನಗೆ ಬಿಡುವೇ ಇರುತ್ತದೆ ಎಂದು ಎಮೆಟ್‌ನ ಕಿವಿಯಲ್ಲಿ ಹೇಳಿ ವಿಳಾಸ ಬರೆಸಿಕೊಂಡ. ರೇ ಅವರ ಸೆನ್ಸರನ್ನು ಬಿಚ್ಚಿಕೊಡಲೇ ಎಂದು ವರ್ನನ್ ಸಣ್ಣ ದನಿಯಲ್ಲಿ ಕೇಳಿದ್ದಕ್ಕೆ ಜೆರಾಲ್ಡೀನ್, "ಬಿಡಪ್ಪ, ಅದೂ ಊರು ನೋಡ್ಲಿ," ಎಂದು ಅವನ ಬೆನ್ನು ಸವರಿದರು.

ಲಾರಿ ತಿರುವು ದಾಟಿ ಮರೆಯಾಯಿತು. ಲೋಯಿಸ್ ಬೈಯಲಿಲ್ಲ. ತನ್ನ ಕಾರು ಚಾಲೂ ಮಾಡಿ, ದೀಪ ಹಾಕಿಕೊಂಡು, ಮದುವಣಗಿತ್ತಿ ಹೊಸಿಲು ದಾಟುವಂತೆ ನಿಧಾನವಾಗಿ ಗ್ಯಾರೇಜಿನೊಳಗೆ ಬಂದಳು. ಕಿಟಕಿಯ ಗಾಜು ಇಳಿಸಿದಳು.

"ವರ್ನನ್, ನಾಳೆ ಭಾನುವಾರ. ಇನ್ಮೇಲೆ ಗ್ಯಾರೇಜಲ್ಲಿ ನಿಂಗೇನೂ ಕೆಲ್ಸ ಇಲ್ವಲ್ಲ?"

"ಇಲ್ಲ," ಎಂದ ವರ್ನನ್.

"ನನ್ ತಂಗಿ ಮನೆಗೆ ಹೋಗೋಣ. ಬೆಳಿಗ್ಗೆನೇ ಹೊರಟ್ರೆ ರಾತ್ರಿ ಊಟ ಮುಗಿಸ್ಕೊಂಡೇ ಬರ್ಬಹುದು."

ವರ್ನನ್ನನ ಕಿವಿ ಅವಳ ಮಾತಿನ ಕಡೆ ಇರಲಿಲ್ಲ, ಕಾರಿನ ಕಡೆಗಿತ್ತು. ಬಹಳ ಆಸೆಯಿಂದ ಆಲಿಸಿದ. ಆ ಹಾಳಾದ ಇಂಜಿನ್ನು ಒಂದೇ ಒಂದು ಸಲವೂ ಕೆಮ್ಮಲಿಲ್ಲ.