ನನ್ನ ಐವತ್ತು ಪರ್ಸೆಂಟು

ಮುದ್ದೆ ತಿರುವುತ್ತಿರುವ ಹೆಂಗಸಿಗೆ ಯಾರೂ ಸುದ್ದಿ ಹೇಳಬಾರದು. ಕೈ ನಿಂತರೆ ಮುದ್ದೆ ಗಂಟು, ನಿಲ್ಲದಿದ್ದರೆ ಸುದ್ದಿ ಅರ್ಧ. ಅವತ್ತು ನಾನು ಕೋಲು ಹಿಡಿದು ಬೆವರುತ್ತಿದ್ದಾಗ ಮಗಳು ಸ್ಫೂರ್ತಿ ಮೊಬೈಲ್ ನೋಡುತ್ತಾ ಅಡುಗೆಮನೆ ಬಾಗಿಲಿಗೆ ಬಂದು, "ಅಮ್ಮ, ಎಂ.ಎಸ್ಸಿ.ಗೆ ಐವತ್ತು ಪರ್ಸೆಂಟ್ ಬೇಕಂತೆ. ಅದೂ ಸೈನ್ಸ್ ಮಾರ್ಕ್ಸ್ ಮಾತ್ರ. ಲ್ಯಾಂಗ್ವೇಜ್ ಸೇರ್ಸಲ್ವಂತೆ" ಎಂದಳು. ನನ್ನ ಕೈ ನಿಂತಿತು.

ಅರ್ಜಿ ಹಾಕುವವಳು ಅವಳಲ್ಲ, ನಾನು. ಅವಳಿನ್ನೂ ಪಿಯುಸಿ. ತಿಪಟೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಹೊನ್ನವಳ್ಳಿಗೆ ಸೊಸೆಯಾಗಿ ಬಂದ ಮೇಲೆ ಸಸ್ಯಶಾಸ್ತ್ರವೆಂದರೆ ನನಗೆ ಸೊಪ್ಪು ಬಿಡಿಸುವುದಷ್ಟೇ ಆಗಿತ್ತು. ಈಗ ಮನೆಯಲ್ಲೇ ಕೂತು ಮುಂದೆ ಓದುವ ಆಸೆ ಹುಟ್ಟಿತ್ತು. ನನ್ನ ಬಿ.ಎಸ್ಸಿ.ಯನ್ನು ದಡ ಸೇರಿಸಿದ್ದು ಕನ್ನಡದ ಅಂಕಗಳು. ಕೆಮಿಸ್ಟ್ರಿ ಮೇಡಂ ನನ್ನ ಉತ್ತರಗಳನ್ನು ಓದಿ, "ನಿನ್ನ ಅಕ್ಷರ ದುಂಡಗಿದೆ ಕಣಮ್ಮ" ಎಂದಷ್ಟೇ ಹೇಳುತ್ತಿದ್ದರು. ಕನ್ನಡವನ್ನು ಬಿಟ್ಟು ಕೂಡಿ ನೋಡಿದೆ. ಪ್ರಾಕ್ಟಿಕಲ್ ಸೇರಿಸಿದರೆ ಐವತ್ತರ ಮೇಲೆ, ಬಿಟ್ಟರೆ ಕೆಳಗೆ. ಯೂನಿವರ್ಸಿಟಿಯವರು ಅದನ್ನು ಸೇರಿಸುತ್ತಾರೋ ಇಲ್ಲವೋ ಶಿವನೇ ಬಲ್ಲ. ಅರ್ಜಿಯನ್ನಂತೂ ಕಳಿಸಿದೆ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಯಜಮಾನರು ಉಂಡು, ಚೊಂಬು ನೀರು ಕುಡಿದು, "ಕೊಬ್ರಿ ಮಂಡಿಯೋರೂ ಗ್ರೇಡ್ ಹೇಳೋಕೆ ಇಷ್ಟು ಕಾಯ್ಸಲ್ಲ ಕಣೇ" ಎಂದು ಎದ್ದು ಹೋದರು. ಉಪ್ಪಿನ ಮಾತು ಎತ್ತಲಿಲ್ಲ. ಅದೂ ದೇವರ ದಯೆಯೇ.

ಸೋಮವಾರ ಪೂಜೆಗೆ ಕಾಯಿ ಒಡೆಯಬೇಕಿತ್ತು. ಕಾಯೊಳಗೆ ಹೂವು ಬಂದರೆ ಶುಭ ಎನ್ನುತ್ತೇವೆ. ಆ ಹೂವೆಂದರೆ ಮೊಳೆಯುವ ಕಾಯೊಳಗೆ ಊದಿಕೊಳ್ಳುವ ಮೆತ್ತನೆಯ ಉಂಡೆ ಎಂದು ಕಾಲೇಜಿನಲ್ಲೇ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಆದರೂ ನನ್ನ ಕೈ ರಾಶಿಯ ತಳಕ್ಕೆ ಹೋಗಿ ಮೊಳಕೆ ಇಣುಕಿದ ಹಳೇ ಕಾಯನ್ನೇ ಎಳೆದುಕೊಂಡಿತು. ಸುಲಿದು ಒಡೆದೆ. ಹೂವು ಬಂತು. ಕಣ್ಣಿಗೊತ್ತಿಕೊಂಡು ತಿರುಗಿದರೆ ಹಿಂದೆ ಅತ್ತೆ ನಿಂತಿದ್ದರು.

"ಮೊಳ್ಕೆ ಬಂದಿದ್ದನ್ನೇ ಹುಡುಕ್ಕೊಂಡು ಒಡೆದ್ರೆ ಹೂವಿಲ್ದೆ ಇನ್ನೇನಿರ್ತದೆ? ಶಿವನೂ ತೆಂಗಿನ್ ಸೀಮೆಯೋನೇ ಕಣವ್ವ, ಅವ್ನಿಗೆ ಗೊತ್ತಾಗಲ್ವಾ?"

"ನನ್ನ ಸಮಾಧಾನಕ್ಕೆ ಅತ್ತೆ."

"ಹಂಗಾದ್ರೆ ಇರ್ಲಿ ಬುಡು. ಆ ಹೂವು ಅರ್ಧ ನಂಗ್ ಕೊಡು, ಸಿಹಿಯಾಗಿರ್ತದೆ."

ಆ ವಾರವೇ ಮೊಬೈಲಿಗೆ ಸಂದೇಶ ಬಂತು. ಪ್ರಾಕ್ಟಿಕಲ್ ಸೇರಿಸಿ ಲೆಕ್ಕ ಹಾಕಿದ್ದರು. ಐವತ್ತನ್ನು ದಾಟಿ ಉಗುರಿನಷ್ಟು ಮುಂದೆ ನಿಂತಿದ್ದೆ. ಸೀಟು ಸಿಕ್ಕಿತ್ತು. ಲ್ಯಾಬಿನಲ್ಲಿ ನನ್ನ ಕಾಗೆಕಾಲು ಗುಬ್ಬಿಕಾಲಿನಂಥ ಚಿತ್ರಗಳಿಗೂ ಅಂಕ ಕೊಟ್ಟ ಆ ಪುಣ್ಯಾತ್ಮರನ್ನು ನೆನೆದು ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಇನ್ನು ನೆಮ್ಮದಿ ಎಂದುಕೊಂಡು ದೇವರಮನೆಯಿಂದ ಹೊರಬಂದರೆ ಸ್ಫೂರ್ತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಎಂಬತ್ತಕ್ಕಿಂತ ಕಮ್ಮಿ ತೆಗ್ದು ನೋಡು, ಮೊಬೈಲ್ ಕಿತ್ಕೊಳ್ತೀನಿ. ಪಕ್ಕದ್ಮನೆಯೋರ್ನ ನೋಡಿಯಾದ್ರೂ ಕಲ್ತ್ಕೊ."

ಹೋದ ತಿಂಗಳು ಅವಳ ಟೆಸ್ಟಿನ ಅಂಕ ನೋಡಿ ನಾನು ಆಡಿದ್ದ ಮಾತು. ಒಂದಕ್ಷರವೂ ಆಚೀಚೆಯಾಗಿರಲಿಲ್ಲ. ಅವತ್ತು ಅವಳು ತಲೆ ತಗ್ಗಿಸಿ "ಆಯ್ತು" ಎಂದಿದ್ದಳು. ನಾನೂ ತಲೆ ತಗ್ಗಿಸಿ "ಆಯ್ತು" ಎಂದು, ಒಣಗಿದ ಬಟ್ಟೆ ಮಡಚುತ್ತಾ ಕೂತೆ.