ನಾ ಇಲ್ಲ ಅಂತ ಮಾಡ್ರಿ

ನಮ್ಮ ಕಾಕಾ ಒಂದೇ ವಾರದಲ್ಲಿ ಮೂರು ಸಲ ಸತ್ತರು. ಮೂರೂ ಸಲ ಹಾಡಹಗಲೇ, ಸಪ್ತಾಪುರದ ನನ್ನ ಆಫೀಸಿನಲ್ಲಿ, ಕಾಲ ಮೇಲೆ ಕಾಲು ಹಾಕಿಕೊಂಡು! ಸುಳ್ಳೆನ್ನುವಿರಾ? ಎದುರಿಗೆ ನಾನೇ ಕೂತಿದ್ದೆ.

ಆಫೀಸು ಎಂದರೆ ದೊಡ್ಡದೇನಲ್ಲ. ಪರೀಕ್ಷೆಗೆ ಓದುವ ಹುಡುಗರ ರೂಮುಗಳಿಗೆ ರೊಟ್ಟಿ-ಪಲ್ಯದ ಡಬ್ಬಿ ಮುಟ್ಟಿಸುವ ಕಂಪನಿ ನನ್ನದು. ಸ್ಟಾರ್ಟಪ್ ಎಂದರೆ ಬ್ಯಾಂಕಿನವರು ಕೂರಲು ಕುರ್ಚಿಯಾದರೂ ಕೊಡುತ್ತಾರೆಂದು ಹಾಗೆ ಕರೆಯುತ್ತೇನೆ. ಅದರ ಲೆಕ್ಕ, ಪಗಾರ, ತೆರಿಗೆ ಎಲ್ಲವೂ ಇದ್ದದ್ದು ಕಾಕಾನ ತಲೆಯಲ್ಲಿ. ಕಾಕಾ ಎಂದರೆ ಅಪ್ಪನ ತಮ್ಮ. ಕಾಲೇಜೊಂದರಲ್ಲಿ ಅಕೌಂಟ್ಸ್ ನೋಡಿ ನಿವೃತ್ತರಾದವರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಮಗಳಂತೆ ಬೆಳೆಸಿದವರು. ಅವರ ಹೃದಯ ಕೆಟ್ಟಿತ್ತು. ಸೋಮವಾರ ಹುಬ್ಬಳ್ಳಿಯಲ್ಲಿ ಆಪರೇಶನ್. ಏನೂ ಆಗುವುದಿಲ್ಲ ಎಂದು ಮಾತು ಕೊಡಲು ಡಾಕ್ಟರು ಒಪ್ಪಿರಲಿಲ್ಲ. ಅಷ್ಟರೊಳಗೆ ಒಂದು ಸಾಫ್ಟ್‌ವೇರ್ ಆರಿಸಿ ತಲೆಯಲ್ಲಿದ್ದದ್ದನ್ನೆಲ್ಲ ಅದರೊಳಗೆ ಇಳಿಸಬೇಕೆಂದು ಕಾಕಾನ ಹಟ. ಸಾಫ್ಟ್‌ವೇರ್ ಹಾಳಾಗಿ ಹೋಗಲಿ, ನನಗೆ ಕಾಕಾ ಉಳಿದರೆ ಸಾಕಿತ್ತು.

ಮಾರಲು ಬಂದವರ ಹತ್ತಿರ ಬೇರೆಯವರಾದರೆ ಬೆಲೆ ಕೇಳುತ್ತಾರೆ. ಕಾಕಾ ಹೇಳುತ್ತಿದ್ದದ್ದು ಒಂದೇ ಮಾತು: "ನಾ ಇಲ್ಲ ಅಂತ ಮಾಡ್ರಿ, ನೋಡೋಣ."

ಮೊದಲು ಬಂದವರು ಟೈ ಕಟ್ಟಿಕೊಂಡಿದ್ದರು. ಕಾಕಾನ ಹೆಸರು ಸೇರಿಸಿದರು, ಅಳಿಸಿದರು, ಮತ್ತೆ ಹುಡುಕಿದರು. ಕಂಪ್ಯೂಟರಿನಿಂದ ತಣ್ಣಗಿನ ಹೆಣ್ಣುದನಿಯೊಂದು ಹೊರಟಿತು: "ಈ ವ್ಯಕ್ತಿ ಅಸ್ತಿತ್ವದಲ್ಲಿಲ್ಲ."

ಇದನ್ನೇ ಇಂಗ್ಲಿಷಿನಲ್ಲಿ ಅಂದಿದ್ದರೆ ಏನೂ ಅನಿಸುತ್ತಿರಲಿಲ್ಲ. ಶುದ್ಧ ಕನ್ನಡದಲ್ಲಿ ಕೇಳಿದಾಗ ನನ್ನ ಮೈ ಜುಮ್ಮೆಂದಿತು. ಇದ್ದೇನಲ್ಲ ಎಂದು ಕಾಕಾ ಕಂಪ್ಯೂಟರಿಗೇ ಹೇಳಿದರು. ಇನ್ನೊಮ್ಮೆ ಹುಡುಕಿಸಿದರು. ಅದೇ ದನಿ, ಅದೇ ಉತ್ತರ. ಮನಸ್ಸು ತಿಳಿಯಾಗಲೆಂದು ಚಹಾದಂಗಡಿಗೆ ಹೋದರೆ, ದಿನಾ ಕೇಳುವ ಮೊದಲೇ ಕಪ್ಪು ಮುಂದಿಡುವ ಅಂಗಡಿಯವನು ಅವತ್ತೇ ಮೊಬೈಲು ನೋಡುತ್ತ ಕೂತಿರಬೇಕೇ? ಎರಡು ಸಲ ಕರೆದರೂ ತಲೆ ಎತ್ತಲಿಲ್ಲವಂತೆ. ಬಿಳಿಚಿಕೊಂಡು ವಾಪಸು ಬಂದರು.

"ಯವ್ವಾ, ನಿನಗರೆ ನಾ ಕಾಣಸ್ತೇನಿಲ್ಲೊ?"

ಎರಡನೆಯ ಸಾಫ್ಟ್‌ವೇರ್ ಇನ್ನೂ ಜಾಣ. ಆಫೀಸಿನ ಹಳೆಯ ಸಂದೇಶಗಳನ್ನೆಲ್ಲ ಓದಿಕೊಂಡು, ಮನುಷ್ಯ ಇಲ್ಲದಾಗ ಅವನ ಹಾಗೆಯೇ ಉತ್ತರ ಬರೆಯುತ್ತದಂತೆ. ತಂದವರು ಕಾಕಾನನ್ನು ಇಲ್ಲವೆಂದು ಮಾಡಿ, ನೋಡ್ತಾ ಇರ್ರಿ ಎಂದು ಹೇಳಿ ಹೊರಟುಹೋದರು. ಮಧ್ಯಾಹ್ನ ಕೋಚಿಂಗ್ ಕ್ಲಾಸುಗಳು ಖಾಲಿಯಾಗಿ, ಓಣಿಯಲ್ಲಿ ಒಂದು ನಾಯಿಯ ಸದ್ದೂ ಇರಲಿಲ್ಲ. ಕಾಕಾ ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದರು. ನನ್ನ ಮೊಬೈಲು ಟಿಣ್ ಎಂದಿತು. ಕಾಕಾನ ಹೆಸರು! "ಊಟಾ ಆತೇನವಾ? ಒಣಾ ರೊಟ್ಟಿ ಭಾಳ ತಿನಬ್ಯಾಡ, ಹೊಟ್ಟಿ ನೋಯ್ತದ."

ಮೊಬೈಲು ನೋಡಿದೆ, ಕಾಕಾನನ್ನು ನೋಡಿದೆ. ಎದೆ ಏರಿಳಿಯುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಹತ್ತಿರ ಹೋಗಿ ಪಾದ ಮುಟ್ಟಿದರೆ, ದೇವರೇ, ತಣ್ಣಗಿತ್ತು. ಕಣ್ಣು ಮುಚ್ಚಿಕೊಂಡೇ ಕಾಕಾ ನುಡಿದರು: "ಸೋಮವಾರ ಇನ್ನೂ ಬಂದಿಲ್ಲ, ಯವ್ವಾ."

ಎದ್ದು ಆ ಸಂದೇಶ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ನನಗಿಂತ ಛಲೋ ಕೇಳೇದ. ಆದರ ಇದು ಬ್ಯಾಡ. ನಾ ಇಲ್ಲದಾಗ ನೀ ಇದರ ಜೋಡಿ ಮಾತಾಡ್ಕೋತ ಕೂತುಬಿಡತಿ."

ನಾನು ಮುಖ ತೊಳೆಯುವ ನೆವ ಮಾಡಿ ಒಳಗೆ ಹೋದೆ.

ಮೂರನೆಯದನ್ನು ಹುಬ್ಬಳ್ಳಿಯ ಹೆಣ್ಣುಮಗಳೊಬ್ಬಳು ತಂದಳು. ಇದರಲ್ಲಿ ಯಾರನ್ನೂ ಅಳಿಸುವಂತಿಲ್ಲ; ಗೈರುಹಾಜರಿಗೆ ಕಾರಣ ಕೊಟ್ಟರೆ ಅವರ ಜಾಗ ಹಾಗೆಯೇ ಇರುತ್ತದೆ. ಕಾರಣಗಳ ಪಟ್ಟಿ ತೆರೆಯಿತು: ರಜೆ, ರಾಜೀನಾಮೆ, ನಿವೃತ್ತಿ, ಮರಣ, ಇತರೆ. ಕಾಕಾ ಹಿಂದೆಮುಂದೆ ನೋಡದೆ ಮರಣ ಒತ್ತಿದರು. ಪರದೆಯ ಮೇಲೆ ಬಂತು: "ಅರ್ಜಿಯನ್ನು ನೌಕರರು ಸ್ವತಃ ಸಲ್ಲಿಸಬೇಕು. ಮೇಲಧಿಕಾರಿಯ ಒಪ್ಪಿಗೆ ಕಡ್ಡಾಯ."

ಆ ವಾರದಲ್ಲಿ ಕಾಕಾ ಮೊದಲ ಸಲ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಪಾಪ, ಆ ಹುಡುಗಿ ಕೆಂಪಾಗಿ, ಇದನ್ನು ಸರಿಮಾಡಿಸುತ್ತೇನೆ ಎಂದಳು.

"ಸರಿ ಮಾಡಬ್ಯಾಡ್ರಿ. ನಮ್ಮ ಕಾಲೇಜಿನಂಗನ ಅದ. ಇದ ಇರಲಿ."

ಹೀಗೆ ನಮ್ಮ ಕಂಪನಿಗೆ ಸಾಫ್ಟ್‌ವೇರ್ ಆಯ್ಕೆಯಾಯಿತು. ಮೇಲಧಿಕಾರಿಯ ಜಾಗದಲ್ಲಿ ನನ್ನ ಹೆಸರು ಹಾಕಿದರು. ಭಾನುವಾರದವರೆಗೆ ಕೂತು ತಲೆಯಲ್ಲಿದ್ದದ್ದನ್ನೆಲ್ಲ ಇಳಿಸಿದರು.

ಸೋಮವಾರ ಆಸ್ಪತ್ರೆಯಲ್ಲಿ ನಾನು ಕೆಳಗೆ ಹೋಗಿ ಕಾಗದಗಳಿಗೆ ಸಹಿ ಹಾಕಿ ಬರುವಷ್ಟರಲ್ಲಿ ಕಾಕಾನನ್ನು ಆಪರೇಶನ್ ಥಿಯೇಟರಿಗೆ ಒಯ್ದುಬಿಟ್ಟಿದ್ದರು. ಒಂದು ಮಾತು ಆಡಲಿಲ್ಲ, ಮುಖ ನೋಡಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತೆ.

ಎಷ್ಟೋ ಹೊತ್ತಿನ ಮೇಲೆ ಮೊಬೈಲು ಟಿಣ್ ಎಂದಿತು. ಕಾಕಾನಿಂದ ಗೈರುಹಾಜರಿಯ ಅರ್ಜಿ! ಒಳಗೆ ಪ್ರಜ್ಞೆ ತಪ್ಪಿಸಿ ಮಲಗಿಸಿದ ಮನುಷ್ಯ ಅರ್ಜಿ ಹೇಗೆ ಕಳಿಸುತ್ತಾರೆ? ಸಮಯ ನೋಡಿದರೆ ಬೆಳಿಗ್ಗೆ ಕಳಿಸಿದ್ದು, ಆಸ್ಪತ್ರೆಯ ನೆಟ್‌ವರ್ಕಿನಲ್ಲಿ ಸಿಕ್ಕಿಕೊಂಡು ಈಗ ಬಂದಿತ್ತು. ಅಷ್ಟು ತಿಳಿದರೂ ತೆರೆಯಲು ಧೈರ್ಯ ಸಾಲಲಿಲ್ಲ. ಯಾವ ಕಾರಣ ಒತ್ತಿದ್ದಾರೋ!

ಕಾರಣ: ಇತರೆ. ವಿವರ: ಬರ್ತೇನಿ.

ನಮ್ಮ ಕಡೆ ಮನೆಯಿಂದ ಹೊರಡುವಾಗ ಹೋಗ್ತೇನಿ ಎಂದು ಯಾರಾದರೂ ಅನ್ನುತ್ತಾರೆಯೇ? ಬಿಕ್ಕಿ ಬಿಕ್ಕಿ ಅತ್ತೆ. ಕೆಳಗೆ ಒಪ್ಪಿಗೆಯೋ ನಿರಾಕರಣೆಯೋ ಎಂದು ಕೇಳಿತ್ತು. ಒಪ್ಪಿಗೆ ಒತ್ತಿದೆ. ಅಷ್ಟಕ್ಕೇ ಸಮಾಧಾನವಾಗದೆ ಎದ್ದು ಆ ಮುಚ್ಚಿದ ಬಾಗಿಲಿನ ಹತ್ತಿರ ಹೋದೆ. ಅಲ್ಲಿ ಕೂತವರೆಲ್ಲ ನೋಡುತ್ತಿದ್ದರು, ನೋಡಲಿ.

"ಹೋಗಿ ಬರ್ರಿ, ಕಾಕಾ" ಎಂದೆ.