ಜರಡಿಯಲ್ಲಿ ಸಿಕ್ಕ ಹೊಸ ಪ್ರಭೇದ

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

2002ರಲ್ಲಿ ನಾನು ಆಸ್ಟಿನ್‌ನಲ್ಲಿ ನುಸಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ದಕ್ಷಿಣ ಧ್ರುವದ ಕಡೆಯ ನಿರ್ಜನ ದ್ವೀಪಗಳಿಂದ ಒಣಪಾಚಿ ಬರುತ್ತಿತ್ತು. ಅದನ್ನು ಜರಡಿ ಹಿಡಿದು, ಉದುರಿದ ನುಸಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸುವುದು ನನ್ನ ಕೆಲಸ. ಒಂದು ಹೊಸ ಪ್ರಭೇದ ಸಿಕ್ಕರೆ ಪದವಿ ಹತ್ತಿರವಾಗುತ್ತಿತ್ತು. ಸಿಕ್ಕರೆ ಅದಕ್ಕೆ ಹೆಂಡತಿ ಸುನಂದಾಳ ಹೆಸರಿಡುತ್ತೇನೆಂದು ಮಾತು ಕೊಟ್ಟಿದ್ದೆ. ಅವಳು ಧಾರವಾಡದವಳು.

"ಹುಳಕ್ಕ ನನ್ನ ಹೆಸರೇನ್ರಿ? ಇರ್ಲಿ ಬಿಡ್ರಿ, ಮನಿಗಂತೂ ಇಡಂಗಿಲ್ಲ ನೀವು" ಎಂದಿದ್ದಳು.

ಒಂದು ಶುಕ್ರವಾರ ಲ್ಯಾಬಿನ ಜರಡಿಯನ್ನು ಹರಿದೆ. ನಮ್ಮ ಪ್ರೊಫೆಸರರ ಕಟ್ಟಳೆ ಒಂದಿತ್ತು: ಲ್ಯಾಬಿನಲ್ಲಿರುವ ಪ್ರತಿಯೊಂದಕ್ಕೂ ಚೀಟಿ. ಹರಿದ ಜರಡಿಗೂ ಚೀಟಿ ಕಟ್ಟಿದರು. ಹೊಸದು ಬರಲು ಎರಡು ವಾರ. ನಾನು ರೌಂಡ್ ರಾಕ್‌ನ ಮನೆಗೆ ಡ್ರೈವ್ ಮಾಡಿ ಅಡುಗೆಮನೆಯ ಜರಡಿ ತಂದೆ. ತೊಳೆಯಲಿಲ್ಲ. ಒದ್ದೆಯಾದರೆ ಪಾಚಿ ಕೆಡುತ್ತದೆಂಬ ವೈಜ್ಞಾನಿಕ ಎಚ್ಚರ! ಎರಡು ಸಲ ತಟ್ಟಿದೆ, ಅಷ್ಟೇ.

ಹನ್ನೊಂದು ಬಿಳಿ ನುಸಿಗಳು ಉದುರಿದವು. ದ್ವೀಪದ ನುಸಿಗಳ ಪಟ್ಟಿಯಲ್ಲಿ ಅವು ಇರಲಿಲ್ಲ. ಬೇರೆ ಪಟ್ಟಿ ನೋಡುವ ಅಗತ್ಯ ನನಗೆ ಕಾಣಲಿಲ್ಲ. ಪಾಚಿ ಒಂದು ವರ್ಷ ಫ್ರೀಜರಿನಲ್ಲಿತ್ತು. ನುಸಿಗಳು ಮಾತ್ರ ಚುರುಕಾಗಿ ಓಡಾಡುತ್ತಿದ್ದವು. 'ಚಳಿ ಸಹಿಸುವ ಅಸಾಧಾರಣ ಶಕ್ತಿ' ಎಂದು ಬರೆದುಕೊಂಡೆ. ಪ್ರೊಫೆಸರರಿಗೆ ಇಮೇಲ್ ಮಾಡಿದೆ. ಶುಗರ್ ಲ್ಯಾಂಡ್‌ನಲ್ಲಿದ್ದ ಸುನಂದಾಳ ಅಕ್ಕನಿಗೆ ಫೋನ್ ಮಾಡಿದೆ. ಅಭಿನಂದಿಸಲು ಮರುದಿನವೇ ಊಟಕ್ಕೆ ಬರುತ್ತೇವೆಂದರು.

ಶನಿವಾರ ಬೆಳಿಗ್ಗೆ ಪ್ರೊಫೆಸರರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನುಸಿಗಳನ್ನು ಒಂದೊಂದಾಗಿ ನೋಡತೊಡಗಿದರು. ಆಗ ಸುನಂದಾ ಒಳಗೆ ಬಂದಳು. ಅಕ್ಕನಿಗೆ ರೊಟ್ಟಿ ಮಾಡಲು ಹೊರಟರೆ ಜರಡಿ ಇರಲಿಲ್ಲವಂತೆ; ನಾನೇ ಒಯ್ದಿರಬೇಕೆಂದು ಹುಡುಕಿಕೊಂಡು ಬಂದಿದ್ದಳು. ಮೇಜಿನ ಮೇಲೆ ಕಂಡಿತು.

"ನಮ್ಮ ಸಾಣಿಗಿ ಇಲ್ಲೈತಲ್ರಿ. ಹುಳಾ ಬಿದ್ದ ಜ್ವಾಳದ ಹಿಟ್ಟು ಸಾಣಿಸಿ ಹಂಗ ಇಟ್ಟಿದ್ದೆ. ತೊಳದೀರಿಲ್ಲೋ?"

ಏನೆಂದರು ಎಂದು ಪ್ರೊಫೆಸರರು ಕೇಳಿದರು. ನಾನು ನಿಧಾನವಾಗಿ, ಒಂದು ಪದವೂ ಬಿಡದೆ ಭಾಷಾಂತರಿಸಿದೆ. ನನ್ನ ಸಂಶೋಧನೆಯಲ್ಲಿ ಅಷ್ಟು ನಿಖರವಾದ ಭಾಗ ಬೇರೆ ಇಲ್ಲ. ಅವರು ಕಪಾಟಿನಿಂದ ಬೇರೆ ಪಟ್ಟಿ ತೆಗೆದು ಮೊದಲನೆಯ ಪುಟವನ್ನೇ ತೋರಿಸಿದರು. ಹಿಟ್ಟಿನ ನುಸಿ. ಹೆಸರಿಟ್ಟು ಶತಮಾನಗಳೇ ಆಗಿದ್ದವು.

ಆದರೂ ಕಟ್ಟಳೆ ಕಟ್ಟಳೆಯೇ. ಆ ನುಸಿಗಳಿಗೂ ಚೀಟಿ ಬರೆದರು. ಸ್ಥಳ: ಅಡುಗೆಮನೆ, ರೌಂಡ್ ರಾಕ್. ಸಂಗ್ರಹಿಸಿದವರು: ಸುನಂದಾ.

ಅಂತೂ ಕೊಟ್ಟ ಮಾತು ಉಳಿಯಿತು. ಆ ಲ್ಯಾಬಿನಲ್ಲಿ ನನ್ನ ಹೆಸರೂ ಒಂದು ಚೀಟಿಯ ಮೇಲಿದೆ. ಹರಿದ ಜರಡಿಯದು.